ಸೂಜಿಯಕ್ಕನ ನೂರ ಅರವತ್ತೆಂಟು ಷೇರು

ನನ್ನ ಅಕ್ಕನ ಬಗ್ಗೆ ಬರೆಯುತ್ತಿದ್ದೇನೆ. ಒಡಹುಟ್ಟಿದವಳು ಅನ್ನುವ ಕಾರಣಕ್ಕಲ್ಲ. ಹತ್ತೊಂಬತ್ತು ವರ್ಷ ತಾಳ್ಮೆಯಿಂದ ಕೂಡಿಸಿದ್ದನ್ನು ಅವಳು ಒಂದು ಮಧ್ಯಾಹ್ನ ಅವಸರಪಟ್ಟು ಮಾರಿಬಿಟ್ಟಳು. ಮಾರಿದ್ದು ತಪ್ಪು ಅಂತ ಗೊತ್ತಾದ ಮೇಲೆ ಬಚ್ಚಿಡಲಿಲ್ಲ. ಇನ್ನೊಬ್ಬರ ತಲೆಗೆ ಕಟ್ಟಲಿಲ್ಲ. ನಷ್ಟವನ್ನು ಹೊತ್ತುಕೊಂಡೇ ಮತ್ತೆ ಅದೇ ಬಾಗಿಲಿಗೆ ಹೋದಳು. ಹೀಗೆ ಮಾಡಿದವರು ನನಗೆ ಗೊತ್ತಿದ್ದವರಲ್ಲಿ ಬೇರೆ ಯಾರೂ ಇಲ್ಲ. ಬರೆಯುವುದಕ್ಕೆ ಇಷ್ಟೇ ಕಾರಣ. ನಾನು ಹೆಚ್ಚು ಓದಿದವನಲ್ಲ, ಇಸ್ತ್ರಿ ಮಾಡುವವನು. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ನಾವಿಬ್ಬರೂ ಕೆಲಸ ಮಾಡುವುದು ಒಂದೇ ಕಡೆ. ಬೂದು ಬಣ್ಣದ ಮೂರು ಅಂತಸ್ತಿನ ಕಟ್ಟಡ. ಅದರ ನೆಲಮಾಳಿಗೆಯಲ್ಲಿ ಶರಟು ಹೊಲಿಯುವ ಕಾರ್ಖಾನೆ. ಬೀದಿಯಿಂದ ಹನ್ನೊಂದು ಮೆಟ್ಟಿಲು ಇಳಿಯಬೇಕು. ಒಳಗೆ ಮೂವತ್ತೆರಡು ಮೆಷಿನ್, ನಾಲ್ಕು ಸಾಲು, ತಲೆಯ ಮೇಲೆ ಉದ್ದನೆಯ ಟ್ಯೂಬ್ ಲೈಟುಗಳು. ಕಿಟಕಿ ಇಲ್ಲ. ಕೊನೆಯಲ್ಲಿ ನನ್ನ ಇಸ್ತ್ರಿ ಮೇಜು, ಅದರ ಪಕ್ಕದಲ್ಲಿ ಅಕ್ಕನ ಬೆಂಚು. ಅವಳು ಮೆಷಿನ್ ರಿಪೇರಿಯವಳು. ಹೊಲಿಯುವ ಹೆಂಗಸರಿಗೆಲ್ಲ ಅವಳು ಸೂಜಿಯಕ್ಕ. ನನಗೂ ಬಾಯಿಗೆ ಅದೇ ಬರುತ್ತದೆ.

ಅವಳು ಕೂತದ್ದನ್ನು ನೋಡಿದವರು ಕಡಿಮೆ. ಬೆಂಚಿಗೆ ಸ್ಟೂಲು ಇದೆ, ಅದರ ಮೇಲೆ ಎಣ್ಣೆ ಡಬ್ಬಿ ಕೂತಿರುತ್ತದೆ. ಅವಳು ಸಾಲುಗಳ ನಡುವೆ ಓಡಾಡುತ್ತಿರುತ್ತಾಳೆ. ಮೂವತ್ತೆರಡು ಮೆಷಿನ್ನಿನ ಗದ್ದಲದಲ್ಲಿ ಒಂದು ಬೇರೆ ಥರ ಕೂಗಿದರೆ ಅವಳ ಕಿವಿಗೆ ಬೀಳುತ್ತದೆ. ಆ ಮೆಷಿನ್ ಹತ್ತಿರ ಹೋಗಿ ಹೊಲಿಯುವವಳ ಭುಜ ಮುಟ್ಟುತ್ತಾಳೆ. ಅಂದರೆ ಕಾಲು ತೆಗಿ ಅಂತ ಅರ್ಥ.

"ಇನ್ನೊಂದು ಕಾಲರ್ ಮುಗಿಸ್ತೀನಿ ಅಕ್ಕಾ."

"ಕಾಲರ್ ಮುಗಿಯೋ ಹೊತ್ತಿಗೆ ಮೆಷಿನ್ನೂ ಮುಗಿದಿರತ್ತೆ. ಏಳು."

ಶಬ್ದ ಬಂದ ಮೆಷಿನ್ನನ್ನು ಓಡಿಸಬಾರದು, ನಿಲ್ಲಿಸಿ ಬಿಚ್ಚಬೇಕು. ಅವಳ ಕೆಲಸದ ನಿಯಮ ಅದೊಂದೇ. ಅದರಿಂದಲೇ ಹೆಸರು ಬಂತು, ಅದರಿಂದಲೇ ಪೆಟ್ಟೂ ಬಿತ್ತು.

ನಮ್ಮ ಅಮ್ಮ ಗುಂಡಿ ತೂತು ಹೊಲಿಯುವವಳು, ಕೈಯಲ್ಲಿ. ಐವತ್ತೈದಕ್ಕೆ ಅವಳ ಕಣ್ಣು ಮಂಜಾಯಿತು. ಹೇಳಿದರೆ ಕೆಲಸ ಹೋಗುತ್ತದೆ ಅಂತ ಹೇಳಲಿಲ್ಲ. ಬೆರಳಿನಲ್ಲಿ ಮುಟ್ಟಿ ಮುಟ್ಟಿ ಎರಡು ವರ್ಷ ಹೊಲಿದಳು. ಒಂದು ದಿನ ಶರಟಿನ ತೋಳಿನ ಬಾಯಿ ಮುಚ್ಚಿ ಹೊಲಿದುಬಿಟ್ಟಳು. ಮೇಸ್ತ್ರಿ ಆ ತೋಳಿನೊಳಗೆ ಕೈ ಹಾಕಿ, ಎಲ್ಲರ ಮುಂದೆ, "ಇದ್ಯಾರಿಗಮ್ಮಾ ಹೊಲಿದಿದ್ದು, ಕೈ ಇಲ್ಲದೋರಿಗಾ?" ಅಂತ ಕೇಳಿದ. ಎಲ್ಲರೂ ನಕ್ಕರು. ಅಮ್ಮ ಅವತ್ತೇ ಕೆಲಸ ಬಿಟ್ಟು ಮನೆಗೆ ಬಂದಳು. ಆಮೇಲೆ ಹನ್ನೊಂದು ವರ್ಷ ಬದುಕಿದಳು, ಏನನ್ನೂ ಸರಿಯಾಗಿ ನೋಡಲಿಲ್ಲ.

ಅಕ್ಕನಿಗೆ ಆಗ ಇಪ್ಪತ್ತನಾಲ್ಕು. ಅವತ್ತಿನಿಂದ ಅವಳ ಬಾಯಲ್ಲಿ ಒಂದೇ ಮಾತು. "ಕಣ್ಣಿರೋವಾಗ್ಲೇ ಕೆಲಸ ಬಿಡಬೇಕು."

ಬಿಡುವುದಕ್ಕೆ ದುಡ್ಡು ಬೇಕಲ್ಲ. ಅದಕ್ಕೆ ಅವಳು ಕಂಡುಕೊಂಡ ದಾರಿ ವಿಚಿತ್ರ.

ಮೆಷಿನ್ನಿನ ಸೂಜಿಗಳು ಪುಟ್ಟ ಡಬ್ಬಿಯಲ್ಲಿ ಬರುತ್ತವೆ. ನೀಲಿ ಅಕ್ಷರ, ಮೂಲೆಯಲ್ಲಿ ಒಂದು ಹಕ್ಕಿಯ ಗುರುತು. ಸಮುದ್ರದಾಚೆಯ ಒಂದು ಕಂಪನಿ ಅದನ್ನು ಮಾಡುತ್ತದೆ. ಹೊಸ ಡಬ್ಬಿ ಬಂದಾಗ ಅಕ್ಕ ಹತ್ತು ಸೂಜಿ ತೆಗೆದು ಒಂದು ಗಾಜಿನ ಮೇಲೆ ಉರುಳಿಸುತ್ತಾಳೆ. ಒಡೆದ ಫೋಟೋ ಫ್ರೇಮಿನ ಗಾಜು ಅದು, ಅಂಗೈ ಅಗಲ. ನೆಟ್ಟಗಿರುವ ಸೂಜಿ ಶಬ್ದವಿಲ್ಲದೆ ಉರುಳುತ್ತದೆ. ಕೂದಲೆಳೆಯಷ್ಟು ಡೊಂಕಿದ್ದರೂ ಟಿಕ್ ಟಿಕ್ ಅನ್ನುತ್ತದೆ. ಹತ್ತರಲ್ಲಿ ಎಷ್ಟು ಸರಿ ಅಂತ ಪೆನ್ಸಿಲಿನಲ್ಲಿ ಡಬ್ಬಿಯ ಮುಚ್ಚಳದ ಒಳಗೆ ಬರೆದು, ತಾರೀಖು ಹಾಕಿ, ಮುಚ್ಚಳವನ್ನು ಎತ್ತಿಡುತ್ತಾಳೆ. ಬೇರೆ ಕಂಪನಿಯ ಸೂಜಿ ಎಂಟು, ಏಳು. ಈ ಹಕ್ಕಿಯ ಸೂಜಿ ಹತ್ತಕ್ಕೆ ಹತ್ತು. ವರ್ಷಗಟ್ಟಲೆ ಹತ್ತಕ್ಕೆ ಹತ್ತು.

"ಇಷ್ಟು ಸಣ್ಣ ವಸ್ತೂನ ಇಷ್ಟು ಸರಿಯಾಗಿ ಮಾಡೋರು ಕೆಟ್ಟುಹೋಗಲ್ಲ ಕಣೋ," ಅಂದಳು ಒಂದು ದಿನ. "ಅವರ ಜೊತೆ ನಮ್ಮದೂ ಒಂದು ಪಾಲು ಇಡೋಕಾಗತ್ತಾ ಕೇಳ್ಕೊಂಡು ಬರೋಣ."

ಚಪ್ಪಲಿ ಅಂಗಡಿಯ ಮೇಲೆ ಎರಡನೇ ಮಹಡಿಯಲ್ಲಿ ಷೇರು ಕೊಡಿಸುವ ಒಂದು ಕಚೇರಿ ಇತ್ತು. ಅಕ್ಕ ಕೆಲಸದ ಬಟ್ಟೆಯಲ್ಲೇ ಹೋದಳು. ನಾನೂ ಹೋದೆ. ಅಲ್ಲಿದ್ದ ಗುಮಾಸ್ತನಿಗೆ ಆಗ ತಲೆತುಂಬ ಕೂದಲು. ಅಕ್ಕ ಸೂಜಿ ಡಬ್ಬಿಯನ್ನು ಅವನ ಮೇಜಿನ ಮೇಲಿಟ್ಟಳು.

"ಇವರದು ಬೇಕು."

"ಅಮ್ಮಾ, ಇಲ್ಲಿ ಸೂಜಿ ಮಾರಲ್ಲ."

"ಸೂಜಿ ನನ್ ಹತ್ರ ಇದೆ. ಕಂಪನಿ ಬೇಕು."

ಅವನು ನಗುತ್ತಲೇ ಹುಡುಕಿದ. ಕಂಪನಿ ಸಿಕ್ಕಿತು. ಅದು ಆ ದೇಶದ ಮಾರುಕಟ್ಟೆಯಲ್ಲಿದೆ, ನಮ್ಮ ದುಡ್ಡನ್ನು ಅವರ ದುಡ್ಡಿಗೆ ಬದಲಾಯಿಸಬೇಕು, ಅದಕ್ಕೊಂದು ಫಾರಂ, ತೆರಿಗೆಗೊಂದು ಫಾರಂ, ಬೆಲೆ ಏರಬಹುದು ಇಳಿಯಬಹುದು, ದುಡ್ಡಿನ ದರವೂ ಏರಬಹುದು ಇಳಿಯಬಹುದು ಅಂತೆಲ್ಲ ಹೇಳಿದ. ಅಕ್ಕ ನಿಂತೇ ಕೇಳಿಸಿಕೊಂಡಳು.

"ಎಷ್ಟು ವರ್ಷ ಇಡಬೇಕು?"

"ಎಷ್ಟು ಜಾಸ್ತಿ ಇಟ್ರೆ ಅಷ್ಟು ಒಳ್ಳೇದು. ಹತ್ತು, ಹದಿನೈದು, ಇಪ್ಪತ್ತು. ಎಷ್ಟು ಷೇರು ಹಾಕ್ಲಿ?"

"ಒಂದು."

"ಒಂದು ನೂರಾ?"

"ಒಂದು."

ಅವನು ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

ಹಾಗೆ ಶುರುವಾಯಿತು. ಮೊದಮೊದಲು ತಿಂಗಳಿಗೆ ಒಂದು. ಬೆಲೆ ಏರಿದ ಮೇಲೆ ಎರಡು ತಿಂಗಳಿಗೆ ಒಂದು. ಕಂಪನಿ ವರ್ಷಕ್ಕೊಮ್ಮೆ ಕೊಡುವ ಲಾಭದ ಪಾಲನ್ನೂ ಮುಟ್ಟದೆ ಅದಕ್ಕೇ ಹಾಕುತ್ತಿದ್ದಳು. ಗುಮಾಸ್ತ ಪ್ರತಿ ಸಲ ಒಂದೇ ಬುದ್ಧಿ ಹೇಳುತ್ತಿದ್ದ. "ಎಲ್ಲಾ ಒಂದೇ ಕಂಪನೀಲಿ ಬೇಡಮ್ಮಾ. ಪ್ರಪಂಚದ ಸಾವಿರಾರು ಕಂಪನಿ ಸೇರಿಸಿದ ಫಂಡ್ ಇದೆ. ಒಂದು ಬಿದ್ರೆ ಇನ್ನೊಂದು ಹಿಡಿಯತ್ತೆ. ಅರ್ಧ ಅದರಲ್ಲಿಡಿ."

"ನಾನು ಬಿಚ್ಚಿ ನೋಡದೇ ಇರೋ ಮೆಷಿನ್ನಿಗೆ ಎಣ್ಣೆ ಹಾಕಲ್ಲ," ಅನ್ನುತ್ತಿದ್ದಳು ಅಕ್ಕ.

ನಮ್ಮ ಭಾವ, ಅಕ್ಕನ ಗಂಡ, ನೀರಿನ ಮೀಟರ್ ಓದುವ ಕೆಲಸದವನು. ದಿನವಿಡೀ ಮನೆಯಿಂದ ಮನೆಗೆ ನಡೆಯುತ್ತಾನೆ, ಸಂಜೆ ಕಾಲು ಚಾಚಿ ಕೂರುತ್ತಾನೆ. ಆ ಕಂಪನಿಗೆ ಅವನು ಇಟ್ಟ ಹೆಸರು ಬೀಗರು.

"ತಿಂಗಳು ತಿಂಗಳು ಕಳಿಸ್ತಾಳೆ, ಅವರು ಒಂದು ಸಲನೂ ಬಂದು ಹೇಗಿದ್ದೀರಾ ಅಂತ ಕೇಳಿಲ್ಲ. ಬೀಗರು ಅಂದ್ರೆ ಇವರೇ."

"ಬರ್ತಾರೆ. ನಾನು ಕೆಲಸ ಬಿಟ್ಟ ದಿನ ಬರ್ತಾರೆ."

"ನೀನು ಕೆಲಸ ಬಿಟ್ಟು ಏನ್ ಮಾಡ್ತೀಯಾ?"

"ಬೆಳಗ್ಗೆ ಹತ್ತು ಗಂಟೆಗೆ ಬಿಸಿಲಲ್ಲಿ ಕೂತ್ಕೋತೀನಿ. ಹತ್ತು ಗಂಟೆ ಬಿಸಿಲು ಹೇಗಿರತ್ತೆ ಅಂತ ನಾನು ನೋಡಿಲ್ಲ."

"ಭಾನುವಾರ ನೋಡಲ್ವಾ?"

"ಅದು ಬಟ್ಟೆ ಒಣಗಿಸೋ ಬಿಸಿಲು."

"ಸರಿ, ಬಿಸಿಲೇನೋ ಬರತ್ತೆ. ಕೂರೋದು ನಿನ್ ಕೈಲಾಗತ್ತಾ? ಈಗಿಂದ್ಲೇ ಅಭ್ಯಾಸ ಮಾಡ್ಕೊ. ದಿನಾ ಎರಡೆರಡು ನಿಮಿಷ."

ಹತ್ತೊಂಬತ್ತನೇ ವರ್ಷಕ್ಕೆ ಷೇರು ನೂರ ಅರವತ್ತೆಂಟಾಗಿತ್ತು. ಬೆಲೆ ಮೊದಲಿಗಿಂತ ಎಷ್ಟೋ ಪಟ್ಟು. ಅಕ್ಕನಿಗೆ ಐವತ್ತೆರಡು. ಕಣ್ಣಿನ ಡಾಕ್ಟರು ದೀಪ ಹಾಕಿ ನೋಡಿ, "ಹತ್ತಿರದ ಕೆಲಸ ಇನ್ನು ಮೂರು ವರ್ಷ ಅಂತಿಟ್ಕೊಳ್ಳಿ. ಅಮ್ಮನಿಗೆ ಬಂದಿದ್ದೇ ನಿಮಗೂ ಬರ್ತಾ ಇದೆ. ನಿಧಾನಕ್ಕೆ" ಅಂದಿದ್ದರು. ಗುಮಾಸ್ತ ಲೆಕ್ಕ ಹಾಕಿ, ಇನ್ನು ಒಂದೂವರೆ ವರ್ಷ ಹೀಗೇ ನಡೆದರೆ ಕೆಲಸ ಬಿಡಬಹುದು ಅಂದಿದ್ದ. ಮೂರು ವರ್ಷದ ಕಣ್ಣು, ಒಂದೂವರೆ ವರ್ಷದ ಕೆಲಸ. ಅಕ್ಕನ ಕೈಯಲ್ಲಿ ಒಂದೂವರೆ ವರ್ಷ ಉಳಿಯುತ್ತಿತ್ತು. ಬೆಂಚಿನ ಹಿಂದೆ ಕ್ಯಾಲೆಂಡರು ತೂಗುಹಾಕಿ ತಿಂಗಳು ಮುಗಿದ ಹಾಗೆ ಹಾಳೆ ಹರಿಯುತ್ತಿದ್ದಳು. ತಿಂಗಳು ಮುಗಿಯುವುದಕ್ಕೆ ಎರಡು ದಿನ ಮುಂಚೆಯೇ ಹರಿಯುತ್ತಿದ್ದಳು.

ಆಗ ಸೂಜಿಗಳು ಮುರಿಯತೊಡಗಿದವು.

ಮೊದಲು ಒಂದು, ಎರಡನೇ ಸಾಲಿನಲ್ಲಿ. ಮಧ್ಯಾಹ್ನ ಇನ್ನೊಂದು. ಮರುದಿನ ನಾಲ್ಕು. ಅಕ್ಕ ಮೆಷಿನ್ನಿನ ತಪ್ಪು ಅಂದುಕೊಂಡು ಒಂದೊಂದೇ ಬಿಚ್ಚಿದಳು. ಸೂಜಿಗೂ ಒಳಗಿನ ಕೊಕ್ಕೆಗೂ ನಡುವೆ ಕಾಗದದ ದಪ್ಪದಷ್ಟು ಸಂದಿ ಇರಬೇಕು, ಇತ್ತು. ಎಲ್ಲ ಸರಿ ಇತ್ತು. ಮೂರನೇ ದಿನ ಸೂಜಿಯ ತುದಿ ಹಾರಿ ಕಫ್ ಹೊಲಿಯುವವಳ ಕೆನ್ನೆಗೆ ಗೀರಿತು. ಕಣ್ಣಿಗೆ ಎರಡು ಬೆರಳು ಕೆಳಗೆ. ಅಕ್ಕ ಅವಳ ಕೆನ್ನೆ ಒರೆಸಿದಳು, ಬೆಂಚಿಗೆ ಬಂದಳು, ಗಾಜು ತೆಗೆದಳು.

ಹೊಸ ಡಬ್ಬಿಯ ಹತ್ತು ಸೂಜಿ. ಟಿಕ್ ಟಿಕ್. ಹತ್ತರಲ್ಲಿ ಆರು ಸರಿ.

ಇನ್ನೊಂದು ಡಬ್ಬಿ. ಹತ್ತರಲ್ಲಿ ಐದು.

ನಾನು ಪಕ್ಕದಲ್ಲೇ ಇಸ್ತ್ರಿ ಹಿಡಿದು ನಿಂತಿದ್ದೆ. ಅವಳು ಮುಚ್ಚಳದಲ್ಲಿ ಐದು ಅಂತ ಬರೆಯಲಿಲ್ಲ. ಪೆನ್ಸಿಲನ್ನು ಹಾಗೇ ಹಿಡಿದುಕೊಂಡು ನಿಂತಳು.

"ಕೆಟ್ಟುಹೋದ್ರು," ಅಂದಳು.

"ಯಾರು?"

"ಬೀಗರು."

ಆಮೇಲಿನ ನಾಲ್ಕು ದಿನ ಅವಳು ಕಾಲು ಸುಟ್ಟವರ ಹಾಗೆ ತಿರುಗಿದಳು. ಕೆಟ್ಟಿಲ್ಲದ ಮೆಷಿನ್ನುಗಳನ್ನು ಬಿಚ್ಚಿದಳು. ಒಂದೇ ತಿರುಪನ್ನು ಮೂರು ಸಲ ಬಿಗಿದಳು. ಊಟದ ಡಬ್ಬಿ ತೆರೆದು ಮುಚ್ಚಿದಳು. ಮನೆಯಲ್ಲಿ ಕಪಾಟಿನ ಬಾಗಿಲ ಕೀಲಿಗೆ ಎಣ್ಣೆ ಹಾಕಿದಳು, ನಲ್ಲಿ ಬಿಚ್ಚಿದಳು. ಭಾವ ಕೂತ ಕುರ್ಚಿಯ ಕಾಲನ್ನೂ ಅಲ್ಲಾಡಿಸಿ ನೋಡಿದಳು. "ನಾನು ಗಟ್ಟಿ ಇದ್ದೀನಿ, ನನ್ನನ್ನ ಬಿಚ್ಚಬೇಡ ಮಾರಾಯ್ತಿ," ಅಂದ ಅವನು.

ಅದೇ ವಾರ ಆ ಕಂಪನಿಯ ಬೆಲೆಯೂ ಸ್ವಲ್ಪ ಇಳಿದಿತ್ತು. ಎಲ್ಲ ಕಂಪನಿಗಳದ್ದೂ ಇಳಿದಿತ್ತು. ಅಕ್ಕನಿಗೆ ಅದು ಬೇರೆ ಥರ ಕಂಡಿತು. ಕಂಪನಿ ಕೆಟ್ಟದ್ದು ಗೊತ್ತಿದ್ದವರು ಒಬ್ಬೊಬ್ಬರೇ ಷೇರು ಮಾರಿ ಜಾಗ ಖಾಲಿ ಮಾಡುತ್ತಿದ್ದಾರೆ, ತಾನೊಬ್ಬಳು ಉಳಿದಿದ್ದೇನೆ ಅನ್ನಿಸಿತು.

ಐದನೇ ದಿನ ಮಧ್ಯಾಹ್ನ ಒಂದು ಗಂಟೆಯ ರಜೆ ಕೇಳಿ ಹೊರಟಳು. ನನಗೂ ಬಾ ಅಂದಳು. ಗುಮಾಸ್ತ ಈಗ ಬೋಳಾಗಿದ್ದ. ಅಕ್ಕ ಬಂದರೆ ಎದ್ದು ನಿಲ್ಲುವ ಅಭ್ಯಾಸವಾಗಿತ್ತು ಅವನಿಗೆ.

"ಎಲ್ಲಾ ಮಾರಿ."

"ಎಲ್ಲಾ ಅಂದ್ರೆ?"

"ನೂರ ಅರವತ್ತೆಂಟೂ."

ಅವನು ಕೂತ. "ಏನಾಯ್ತಮ್ಮಾ? ಬೆಲೆ ಇಳೀತು ಅಂತಾನಾ? ಅದು ಮಾಮೂಲಿ. ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಸಲ ಇಳಿದಿಲ್ಲ? ಆಗೆಲ್ಲ ನೀವು ಇತ್ತಕಡೆ ತಲೆನೂ ಹಾಕ್ಲಿಲ್ಲ."

"ಬೆಲೆ ಅಲ್ಲ. ಸೂಜಿ." ಅಕ್ಕ ಚೀಲದಿಂದ ಗಾಜು ತೆಗೆದು ಅವನ ಮೇಜಿನ ಮೇಲಿಟ್ಟು ಸೂಜಿ ಉರುಳಿಸಿ ತೋರಿಸಿದಳು. ಟಿಕ್ ಟಿಕ್ ಟಿಕ್. "ಕೇಳಿಸ್ತಾ?"

"ಕೇಳಿಸ್ತು. ಆದ್ರೆ ಕಂಪನಿ ಲೆಕ್ಕಪತ್ರದಲ್ಲಿ ಅಂಥದ್ದೇನೂ ಇಲ್ಲ. ಒಂದು ವಾರ ತಡೀರಿ."

"ಲೆಕ್ಕಪತ್ರಕ್ಕೆ ಬರೋದು ಆಮೇಲೆ. ಮೊದಲು ನನ್ ಗಾಜಿಗೆ ಬರತ್ತೆ. ಶಬ್ದ ಬಂದ ಮೆಷಿನ್ ಓಡಿಸಬಾರದು. ಮಾರಿ."

ಅವನು ಬರೆದುಕೊಂಡ. "ಅಲ್ಲಿ ಮಾರ್ಕೆಟ್ಟು ತೆರೆಯೋದು ನಮ್ಮ ಸಂಜೆ ಆರಕ್ಕೆ. ಅಷ್ಟರೊಳಗೆ ಮನಸ್ಸು ಬದಲಾದ್ರೆ ಫೋನ್ ಮಾಡಿ. ದಯವಿಟ್ಟು ಮಾಡಿ."

ಮೂರರಿಂದ ಆರರವರೆಗೆ ಫೋನು ಅವಳ ಏಪ್ರನ್ನಿನ ಜೇಬಿನಲ್ಲಿತ್ತು. ಎರಡು ಸಲ ಹೊರಗೆ ತೆಗೆದಳು, ಎರಡು ಸಲವೂ ಒಳಗಿಟ್ಟಳು. ನಾನು ಶರಟುಗಳ ಬೆನ್ನು ಇಸ್ತ್ರಿ ಮಾಡುತ್ತಿದ್ದೆ. ಏನಾದರೂ ಹೇಳಬೇಕಿತ್ತೇನೋ. ಸೂಜಿಯ ವಿಷಯದಲ್ಲಿ ಅವಳಿಗೆ ಹೇಳುವಷ್ಟು ನನಗೆ ಗೊತ್ತಿರಲಿಲ್ಲ. ಆರು ಗಂಟೆ ದಾಟಿತು.

ಮಾರಿದ ಮೇಲಾದರೂ ಅವಳಿಗೆ ಸಮಾಧಾನ ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ದುಡ್ಡು ಬ್ಯಾಂಕಿನಲ್ಲಿ ಸುಮ್ಮನೆ ಕೂತಿತ್ತು. ಕೂತದ್ದನ್ನು ನೋಡಿದರೆ ಅಕ್ಕನಿಗೆ ಆಗುವುದಿಲ್ಲ. ದಿನಕ್ಕೆ ನಾಲ್ಕು ಸಲ ಫೋನಿನಲ್ಲಿ ಆ ಕಂಪನಿಯ ಬೆಲೆ ನೋಡತೊಡಗಿದಳು. ಇದ್ದಾಗ ಆರು ತಿಂಗಳಿಗೊಮ್ಮೆ ನೋಡುತ್ತಿದ್ದವಳು. ಬೆಲೆ ಏರುತ್ತಿತ್ತು. "ಇಳಿಯತ್ತೆ ನೋಡು," ಅನ್ನುವಳು. "ಇಂಥ ಸೂಜಿ ಮಾಡಿದ್ಮೇಲೆ ಎಲ್ಲಿಗೆ ಹೋಗತ್ತೆ." ಮರುದಿನ ಇನ್ನಷ್ಟು ಏರಿರುತ್ತಿತ್ತು.

ಹಾಗೆ ಐದು ವಾರ ಆಯಿತು.

ಆ ದಿನ ನನ್ನ ಮೇಜಿನ ಮೇಲೆ ಯಾರೋ ಒಂದು ಹೊಸ ಸೂಜಿ ಡಬ್ಬಿ ಇಟ್ಟು ಹೋಗಿದ್ದರು. ನಾನು ನೋಡದೆ ಬಿಳಿ ಶರಟೊಂದನ್ನು ಅದರ ಮೇಲೇ ಹಾಸಿ ಆವಿ ಬಿಟ್ಟೆ. ಎತ್ತಿದರೆ ಕಾಲರಿನ ಮೇಲೆ ನೀಲಿ ಅಕ್ಷರ, ಹಕ್ಕಿಯ ಅರ್ಧ ರೆಕ್ಕೆ. ಡಬ್ಬಿಯ ಬಣ್ಣ ಕರಗಿ ಬಟ್ಟೆಗೆ ಹತ್ತಿತ್ತು.

ನನಗೆ ಮೊದಲು ಹೊಳೆದದ್ದು ಶರಟಿನ ದಂಡ. ಆಮೇಲೆ ಒಂದು ಮಾತು ನೆನಪಾಯಿತು. ಅಕ್ಕ ಎತ್ತಿಟ್ಟ ಹಳೆಯ ಮುಚ್ಚಳಗಳೆಲ್ಲ ನನ್ನ ಮೇಜಿನ ಕೆಳಗಿನ ಖಾನೆಯಲ್ಲೇ ಇರುವುದು. ಹತ್ತೊಂಬತ್ತು ವರ್ಷ ನನ್ನ ಇಸ್ತ್ರಿಯ ಆವಿ ಕುಡಿದಿವೆ. ಒಂದರ ಅಕ್ಷರವೂ ಕದಲಿಲ್ಲ.

ಒಂದು ಹಳೆಯ ಮುಚ್ಚಳ ತೆಗೆದು ಅದರ ಮೇಲೂ ಆವಿ ಬಿಟ್ಟೆ. ಏನೂ ಆಗಲಿಲ್ಲ. ಅಕ್ಕನನ್ನು ಕರೆದೆ. ಶರಟು, ಡಬ್ಬಿ, ಮುಚ್ಚಳ ಮೂರನ್ನೂ ಪಕ್ಕಪಕ್ಕ ಇಟ್ಟೆ.

ಅವಳು ತುಂಬ ಹೊತ್ತು ನೋಡಿದಳು. ಬೆರಳಿಗೆ ಎಂಜಲು ಹಚ್ಚಿ ಹೊಸ ಡಬ್ಬಿಯ ಹಕ್ಕಿಯನ್ನು ಉಜ್ಜಿದಳು. ಹಕ್ಕಿ ಅಳಿಸಿ ಹೋಯಿತು. ಹಳೆಯ ಮುಚ್ಚಳದ ಹಕ್ಕಿಯನ್ನು ಉಜ್ಜಿದಳು. ಅದು ಅಲ್ಲೇ ಇತ್ತು.

ಸೀದಾ ಸ್ಟೋರಿಗೆ ಹೋದಳು. ನಾನೂ ಹಿಂದೆ ಹೋದೆ. ಸ್ಟೋರು ನೋಡಿಕೊಳ್ಳುವವನು ದಾರದ ಉಂಡೆ ಎಣಿಸುತ್ತಿದ್ದ.

"ಈ ಸೂಜಿ ಎಲ್ಲಿಂದ ತರಿಸಿದೆ?"

"ಯಾಕಕ್ಕಾ?"

"ಎಲ್ಲಿಂದ?"

"ಹೊಸಬ ಒಬ್ಬ ಬಂದಿದ್ದ. ಅರ್ಧ ರೇಟಿಗೆ ಕೊಡ್ತೀನಿ ಅಂದ. ಯಜಮಾನ್ರು ಖರ್ಚು ಇಳಿಸಿ ಇಳಿಸಿ ಅಂತ ಜೀವ ತಿಂತಿದ್ರು. ತಗೊಂಡೆ. ಡಬ್ಬಿ ಅದೇ, ಹಕ್ಕಿ ಅದೇ. ಸೂಜಿ ಸೂಜಿನೇ ಅಲ್ವಾ ಅಕ್ಕಾ?"

ಅಕ್ಕ ಬೈಯಲಿಲ್ಲ. ಮೆಟ್ಟಿಲು ಹತ್ತಿ ಹೊರಗೆ ಹೋದಳು. ನಾಲ್ಕು ಬೀದಿ ಆಚೆ ಹಳೆಯ ಅಂಗಡಿಯೊಂದಿದೆ, ಅಸಲಿ ಮಾಲು ಇಡುತ್ತದೆ. ಅಲ್ಲಿಂದ ತನ್ನ ಕೈ ದುಡ್ಡಿನಲ್ಲಿ ಒಂದು ಡಬ್ಬಿ ತಂದಳು. ಬೆಂಚಿನ ಮೇಲೆ ಗಾಜು ಇಟ್ಟು ಹತ್ತು ಸೂಜಿ ಉರುಳಿಸಿದಳು.

ಮೂವತ್ತೆರಡು ಮೆಷಿನ್ ಓಡುತ್ತಿದ್ದವು. ಆದರೂ ನನಗೆ ಆ ಗಾಜಿನ ಮೇಲೆ ಶಬ್ದವಿಲ್ಲದ್ದು ಕೇಳಿಸಿದ ಹಾಗಾಯಿತು. ಹತ್ತಕ್ಕೆ ಹತ್ತು.

ಅಕ್ಕ ಸ್ಟೂಲಿನ ಮೇಲಿದ್ದ ಎಣ್ಣೆ ಡಬ್ಬಿಯನ್ನು ಕೆಳಗಿಟ್ಟು ಕೂತಳು. ಕೆಲಸದ ಹೊತ್ತಿನಲ್ಲಿ ಅವಳು ಕೂತದ್ದನ್ನು ನಾನು ಅವತ್ತೇ ನೋಡಿದ್ದು.

"ನಾನು ಸ್ಟೋರಿನವನನ್ನ ಮಾರೋ ಬದಲು ಕಂಪನಿ ಮಾರಿದೆ ಕಣೋ," ಅಂದಳು.

ಸಂಜೆ ಕಚೇರಿಗೆ ಹೋದೆವು. ಅವಳೇ ಎಲ್ಲ ಹೇಳಿದಳು, ಒಂದನ್ನೂ ಬಿಡದೆ. ಗುಮಾಸ್ತ ನಾನು ಹೇಳಿರಲಿಲ್ವಾ ಅನ್ನಲಿಲ್ಲ. ಅದಕ್ಕೆ ಅವನ ಮೇಲೆ ನನಗೆ ಇವತ್ತಿಗೂ ಗೌರವ. ಲೆಕ್ಕ ಮಾತ್ರ ಹೇಳಿದ. ಮಾರಿದ್ದಕ್ಕೆ ಕಟ್ಟಬೇಕಾದ ತೆರಿಗೆ, ಕಮಿಷನ್, ದುಡ್ಡು ಎರಡು ಸಲ ಬದಲಾಯಿಸುವ ಖರ್ಚು, ಐದು ವಾರದಲ್ಲಿ ಏರಿದ ಬೆಲೆ. ಅದೇ ದುಡ್ಡಿಗೆ ಈಗ ಬರುವುದು ನೂರ ಮೂವತ್ತೊಂದು ಷೇರು. ಮೂವತ್ತೇಳು ಹೋಯಿತು.

"ಈಗ ಯಾವಾಗ ಬಿಡಬಹುದು ಕೆಲಸ?"

ಅವನು ತಲೆ ಎತ್ತಲಿಲ್ಲ. "ನಾಲ್ಕು ವರ್ಷ ಅಂತಿಟ್ಕೊಳ್ಳಿ."

ಡಾಕ್ಟರು ಹೇಳಿದ್ದು ಮೂರು.

"ಮತ್ತೆ ತಗೋಳೋದಾದ್ರೆ ಬೇಗ ತಗೊಳ್ಳಿ," ಅಂದ ಅವನು. ಅಕ್ಕ ಎದ್ದು ಬಂದುಬಿಟ್ಟಳು.

ದಾರಿಯಲ್ಲಿ ನನ್ನ ಮೇಲೆ ರೇಗಿದಳು. "ನಾನೇ ಮಾರಿದ್ದನ್ನ ನಾನೇ ಜಾಸ್ತಿ ಕೊಟ್ಟು ಕೊಳ್ಳೋದಾ? ಇಳಿಯತ್ತೆ. ಮಾರಿದ ಬೆಲೆಗೆ ಬರ್ಲಿ, ಅವತ್ತು ತಗೋತೀನಿ."

ಬರಲಿಲ್ಲ. ಒಂದು ವಾರ ಆಯಿತು. ಅವಳು ಕ್ಯಾಲೆಂಡರನ್ನು ಗೋಡೆಗೆ ತಿರುಗಿಸಿ ತೂಗುಹಾಕಿದಳು. ಹೊಲಿಯುವ ಹೆಂಗಸರು ಅವಳ ಹತ್ತಿರ ಮಾತಾಡುವುದಕ್ಕೆ ಹೆದರಿದರು. ಎರಡನೇ ವಾರ ಭಾನುವಾರ ನಾನು ಅವರ ಮನೆಗೆ ಹೋದಾಗ ಅಡುಗೆಮನೆಯ ನಲ್ಲಿ ಮತ್ತೆ ಬಿಚ್ಚಿಕೊಂಡು ಬಿದ್ದಿತ್ತು. ಅಕ್ಕ ಕೈಯಲ್ಲಿ ಪಾನಾ ಹಿಡಿದು ನಿಂತಿದ್ದಳು.

ಭಾವ ಹೇಳಿದ, "ಭಾಮೈದಾ, ಬಾ, ಕೂತ್ಕೊ. ಕೂರೋರು ಈ ಮನೇಲಿ ನಾವಿಬ್ಬರೇ."

ಅಕ್ಕ ತಿರುಗಿ ನೋಡಲಿಲ್ಲ. ಭಾವ ಚಾಚಿದ ಕಾಲು ಮಡಿಸಿ ಕೂತ. ಆಮೇಲೆ ಅವಳ ಬೆನ್ನಿಗೆ ಹೇಳಿದ. ಹಾಸ್ಯದ ದನಿಯಲ್ಲಿ ಅಲ್ಲ.

"ಮೂವತ್ತು ವರ್ಷದಿಂದ ಮೀಟರ್ ಓದ್ತಾ ಇದ್ದೀನಿ. ಎಷ್ಟೋ ಮನೇಲಿ ಪೈಪ್ ಒಡೆದು ನೀರು ಹೋಗಿರತ್ತೆ. ಅಯ್ಯೋ ಇಷ್ಟು ಹೋಯ್ತಾ ಅಂತ ಮೀಟರ್ ಮುಂದೆ ನಿಂತು ಅಳ್ತಾರೆ. ಅಳೋ ಹೊತ್ತಲ್ಲೂ ನೀರು ಹೋಗ್ತಾ ಇರತ್ತೆ. ಹಿಂದಕ್ಕೆ ತಿರುಗಿದ ಮೀಟರ್ ನಾನು ಒಂದೂ ನೋಡಿಲ್ಲ ಕಣೇ."

ಅಕ್ಕ ಪಾನಾ ಕೆಳಗಿಟ್ಟಳು. "ನೀನು ಅವರನ್ನ ಬೀಗರು ಅಂತ ನಗ್ತಿದ್ದೆ."

"ಈಗ್ಲೂ ನಗ್ತೀನಿ. ಜಗಳ ಆಡಿ ಬಂದಿರೋಳು ನೀನು, ನೀನೇ ಹೋಗಿ ಮಾತಾಡ್ಸು. ಮೊದಲು ನಲ್ಲಿ ಜೋಡಿಸು, ಕಾಫಿಗೆ ನೀರಿಲ್ಲ."

ಸೋಮವಾರ ಮಧ್ಯಾಹ್ನ ಹೋದಳು. ಈ ಸಲ ಕಚೇರಿಯಲ್ಲಿ ಗಾಜು ತೆಗೆಯಲಿಲ್ಲ.

"ಅರ್ಧ ಸೂಜಿ ಕಂಪನಿಗೆ ಹಾಕಿ. ಇನ್ನರ್ಧ ನೀವು ಹೇಳ್ತಿದ್ರಲ್ಲ, ಪ್ರಪಂಚದ್ದೆಲ್ಲ ಸೇರಿದ್ದು, ಅದಕ್ಕೆ."

ಗುಮಾಸ್ತನ ಕೈ ನಿಂತಿತು. "ಬಿಚ್ಚಿ ನೋಡದೇ ಇರೋದಕ್ಕೆ ಎಣ್ಣೆ ಹಾಕಲ್ಲ ಅಂತಿದ್ರಿ."

"ಬಿಚ್ಚಿ ನೋಡಿದೀನಿ ಅಂತ ಅಂದ್ಕೊಂಡಿದ್ದೆ. ನನ್ ಕೈಗೆ ಬರೋದು ಕಂಪನಿ ಅಲ್ಲ, ಸ್ಟೋರಿನವನು ಕೊಟ್ಟಿದ್ದು. ನನ್ ಗಾಜು ಸುಳ್ಳು ಹೇಳಲಿಲ್ಲ. ಆದ್ರೆ ಅಂಗೈ ಅಗಲದ ಗಾಜಿನ ಮೇಲೆ ಎಷ್ಟು ಕಾಣತ್ತೆ ಹೇಳಿ." ಫಾರಂ ಹತ್ತಿರ ಎಳೆದುಕೊಂಡು, "ಇದು ಬಿದ್ರೆ ಎಷ್ಟು ದಿನ ಸುಮ್ಮನಿರಬೇಕು?" ಅಂತ ಕೇಳಿದಳು.

"ವರ್ಷಗಟ್ಟಲೆ ಬೀಳಬಹುದು. ಸುಮ್ಮನಿರಬೇಕು."

"ಅದೇ ಕಷ್ಟ," ಅಂದಳು. ಸಹಿ ಹಾಕಿದಳು. ಆರು ಗಂಟೆಯವರೆಗೂ ನನ್ನ ಮೇಜಿನ ಸುತ್ತ ಸುತ್ತಿದಳು. ಆರು ದಾಟಿದ ಮೇಲೆ ಬೆಲೆ ನೋಡುವ ಆ್ಯಪನ್ನು ಅಳಿಸಿಹಾಕು ಅಂತ ಫೋನನ್ನು ನನ್ನ ಕೈಗೆ ಕೊಟ್ಟಳು. ನನಗೆ ಬರಲಿಲ್ಲ. ಕಫ್ ಹೊಲಿಯುವವಳು ಅಳಿಸಿಕೊಟ್ಟಳು.

ಯಜಮಾನರಿಗೆ ಅವಳು ಸೂಜಿಯ ವಿಷಯ ಹೇಳಿದಳು, ಕೆನ್ನೆ ಗೀರಿದ್ದು ಹೇಳಿದಳು, ತನ್ನ ಷೇರಿನ ಮಾತು ಎತ್ತಲಿಲ್ಲ. ನಕಲಿ ಡಬ್ಬಿಗಳು ವಾಪಸು ಹೋದವು. ಸ್ಟೋರಿನವನ ಕೆಲಸ ಉಳಿಯಿತು. "ಅವನಿಗೆ ಗಾಜು ಕೊಟ್ಟಿರಲಿಲ್ಲ ಯಾರೂ," ಅಂದಳು. ಈಗ ಅವನ ಹತ್ತಿರವೂ ಒಂದು ಗಾಜಿದೆ. ಮಾಲು ಬಂದ ದಿನ ಅವನೇ ಉರುಳಿಸುತ್ತಾನೆ, ಅವಳು ದೂರದಿಂದ ಕಿವಿ ಕೊಡುತ್ತಾಳೆ.

ಇದೆಲ್ಲ ಆಗಿ ಒಂದು ವರ್ಷ ಎರಡು ತಿಂಗಳಾಯಿತು. ಕಣ್ಣು ಮೊದಲು ಹೋಗುತ್ತದೋ ಷೇರು ಮೊದಲು ಕೂಡುತ್ತದೋ ಗೊತ್ತಿಲ್ಲ. ಬೆಂಚಿಗೆ ಭೂತಗನ್ನಡಿ ಇರುವ ದೀಪ ಬಂದಿದೆ. ಹೊಲಿಯುವವರಲ್ಲಿ ಇಬ್ಬರಿಗೆ ಕೊಕ್ಕೆಯ ಸಂದಿ ಹೊಂದಿಸುವುದನ್ನು ಕಲಿಸುತ್ತಿದ್ದಾಳೆ. ಕಣ್ಣಿನಿಂದ ಅಲ್ಲ, ಬೆರಳಿನಿಂದ ಮತ್ತು ಕಿವಿಯಿಂದ. ಅಮ್ಮ ಬಚ್ಚಿಟ್ಟ ಹಾಗೆ ಇವಳು ಬಚ್ಚಿಟ್ಟಿಲ್ಲ. "ನನ್ ಕಣ್ಣು ಹೋಗ್ತಾ ಇದೆ, ಬೇಗ ಕಲೀರಿ," ಅಂತ ಮುಖಕ್ಕೇ ಹೇಳುತ್ತಾಳೆ. ಎರಡು ತಿಂಗಳಿಗೊಮ್ಮೆ ಚಪ್ಪಲಿ ಅಂಗಡಿಯ ಮೇಲಿನ ಮೆಟ್ಟಿಲು ಹತ್ತುತ್ತಾಳೆ, ಆಗುವಷ್ಟು ಹಾಕುತ್ತಾಳೆ, ಬೆಲೆ ಕೇಳದೆ ಇಳಿಯುತ್ತಾಳೆ. ಇಳಿದು ಬಂದು ಜೊತೆಗಿದ್ದ ನನ್ನನ್ನು ಕೇಳುತ್ತಾಳೆ, "ಗುಮಾಸ್ತನ ಮುಖ ಹೇಗಿತ್ತು?"

ಇನ್ನೊಂದು ಬದಲಾವಣೆ ಆಗಿದೆ. ಹೋದ ವರ್ಷ ಒಂದು ದಿನ ಹತ್ತು ಗಂಟೆಗೆ ಟೀ ಬಂತು. ಎಲ್ಲರೂ ಒಳಗೇ ಕುಡಿಯುತ್ತಿದ್ದರು. ಅಕ್ಕ ಲೋಟ ಹಿಡಿದು ಹನ್ನೊಂದು ಮೆಟ್ಟಿಲು ಹತ್ತಿದಳು. ಎಲ್ಲಿಗೆ ಅಂತ ಕೇಳಿದೆ.

"ನಾಲ್ಕು ವರ್ಷ ಕಾಯೋಕಾಗಲ್ಲ. ದಿನಾ ಕಾಲು ಗಂಟೆ ಈಗ್ಲೇ ತಗೋತೀನಿ."

ಅವತ್ತಿನಿಂದ ಒಂದು ದಿನವೂ ತಪ್ಪಿಸಿಲ್ಲ. ಮೇಲಿನ ಮೆಟ್ಟಿಲಿಗೆ ಹತ್ತು ಗಂಟೆಗೆ ಸರಿಯಾಗಿ ಬಿಸಿಲು ಬೀಳುತ್ತದೆ, ಒಬ್ಬರು ಕೂರುವಷ್ಟು. ಅವಳು ಕೂರುವುದಿಲ್ಲ. ನಿಂತೇ ಟೀ ಕುಡಿಯುತ್ತಾಳೆ, ಮುಖವನ್ನು ಬಿಸಿಲಿಗೆ ಹಿಡಿಯುತ್ತಾಳೆ, ಅರ್ಧ ನಿಮಿಷಕ್ಕೆ ಗೇಟಿನ ಚಿಲಕ ಅಲ್ಲಾಡಿಸಿ ನೋಡುತ್ತಾಳೆ. ಆ ಚಿಲಕಕ್ಕೆ ಈ ವರ್ಷ ಎಷ್ಟು ಎಣ್ಣೆ ಬಿದ್ದಿದೆಯೋ.

ನೀವು ಆ ಕಡೆ ಹೋದರೆ ಅವಳನ್ನು ನೋಡಿ ಬನ್ನಿ. ಹತ್ತರಿಂದ ಹತ್ತೂಕಾಲರ ಒಳಗೆ ಹೋಗಿ, ಆಮೇಲೆ ಕೆಳಗಿಳಿದುಬಿಡುತ್ತಾಳೆ. ಮನೆಯ ಹೊಲಿಗೆ ಮೆಷಿನ್ ಬೇರೆ ಥರ ಕೂಗುತ್ತಿದ್ದರೆ ಆ ಶಬ್ದವನ್ನು ಬಾಯಲ್ಲಿ ಮಾಡಿ ತೋರಿಸಿ, ಎಲ್ಲಿ ಕೆಟ್ಟಿದೆ ಅಂತ ಅಲ್ಲೇ ಹೇಳುತ್ತಾಳೆ. ಹೊರದೇಶದ ಷೇರಿನ ಬಗ್ಗೆ ಕೇಳಿದರೂ ಹೇಳುತ್ತಾಳೆ, ಮೂವತ್ತೇಳು ಹೋದದ್ದನ್ನೇ ಮೊದಲು ಹೇಳುತ್ತಾಳೆ. ಇವತ್ತಿನ ಬೆಲೆ ಎಷ್ಟು ಅಂತ ಮಾತ್ರ ಅವಳ ಹತ್ತಿರ ಹೇಳಬೇಡಿ. ಮತ್ತೆ ಬಿಸಿಲಿಗೆ ಅಡ್ಡ ನಿಲ್ಲಬೇಡಿ.